ಗೋಡೆಯಾಚೆ ಮಹಾನಂದಾ ಅಕ್ಕೋರು

ನಮ್ಮ ಊರಿನಲ್ಲಿ ಮನೆ ಹುಡುಕುವವರು ನೀರು ಬರುತ್ತದೆಯೇ, ಗಾಳಿ ಬೆಳಕು ಹೇಗೆ ಎಂಬುದನ್ನೆಲ್ಲ ಆಮೇಲೆ ಕೇಳುತ್ತಾರೆ. ಅವರ ಮೊದಲ ಪ್ರಶ್ನೆ, ಗೋಡೆಯಾಚೆ ಯಾರಿದ್ದಾರೆ ಎಂಬುದು. ಕೇಳಲೇಬೇಕು. ಇಲ್ಲಿಯ ಮನೆಗಳೆಲ್ಲ ಗೋಡೆಗೆ ಗೋಡೆ ಹಚ್ಚಿಕೊಂಡು ಉದ್ದಕ್ಕೆ ನಿಂತಿವೆ. ಬೇರೆ ಊರವರು ಓಣಿ ಎನ್ನುವುದನ್ನು ನಾವು ಸರಪಳಿ ಎನ್ನುತ್ತೇವೆ. ಸರಪಳಿಯ ಒಂದು ಮನೆಗೆ ಸೆಳೆತದವರು ಯಾರಾದರೂ ಬಂದು ಸೇರಿದರೆ ಪಕ್ಕದ ಮನೆಯ ದೇವರ ದೀಪ ಅವರ ಕಡೆಗೆ ವಾಲಿಕೊಂಡು ಉರಿಯುತ್ತದೆ. ಚಾಪೆಯ ಮೇಲಿನ ಕೂಸು ಉರುಳಿ ಉರುಳಿ ಆ ಗೋಡೆಯ ಮಗ್ಗುಲಿಗೇ ಹೋಗಿ ನಿದ್ದೆ ಮಾಡುತ್ತದೆ. ಸಾರಿನ ಬೇಳೆಯೆಲ್ಲ ಪಾತ್ರೆಯ ಆ ಬದಿಗೆ, ತಿಳಿ ಈ ಬದಿಗೆ. ಅದರಾಚೆಯ ಮನೆಯಲ್ಲಿ ಇಷ್ಟು ಇರುವುದಿಲ್ಲ, ದೀಪ ಸ್ವಲ್ಪ ಕತ್ತು ಓರೆ ಮಾಡುತ್ತದೆ. ಮೂರನೆಯ ಮನೆಯಲ್ಲಿ ಕಣ್ಣಿಟ್ಟು ನೋಡಿದರೆ ಗೊತ್ತಾದೀತು. ನಾಲ್ಕನೆಯ ಮನೆಯವರು ಏನೂ ಅರಿಯದೆ ಕಾಲು ಚಾಚಿ ಮಲಗಿರುತ್ತಾರೆ.

ಇದಕ್ಕೆ ನಾವು ಹೆದರುವುದಿಲ್ಲ. ಅದೇನು ಕಳ್ಳತನವಲ್ಲ. ಮನೆಯದು ಮನೆಯಲ್ಲೇ ಇರುತ್ತದೆ, ಒಂದು ಬದಿಗೆ ಸರಿದಿರುತ್ತದೆ ಅಷ್ಟೆ. ಮಂಚದ ಕಾಲಿನ ಕೆಳಗೆ ಹಂಚಿನ ಚೂರು ಇಟ್ಟುಕೊಳ್ಳುತ್ತೇವೆ. ರಂಗೋಲಿ ಹಾಕುವ ಹೆಂಗಸರು ಚುಕ್ಕಿಗಳನ್ನು ಮೊದಲೇ ಒಂಚೂರು ಎದುರು ಬದಿಗೆ ಇಡುತ್ತಾರೆ, ಮುಗಿಯುವಷ್ಟರಲ್ಲಿ ನೆಟ್ಟಗಾಗಿರುತ್ತದೆ. ಅಳಿಯ ಊಟಕ್ಕೆ ಕೂತರೆ ಅವನಿಗೆ ಬೇಳೆಯ ಬದಿ, ಮನೆಯ ಯಜಮಾನನಿಗೆ ತಿಳಿಯ ಬದಿ. ಅದಕ್ಕೂ ಯಾರೂ ಜಗಳ ತೆಗೆಯುವುದಿಲ್ಲ.

ಸೆಳೆತದವರು ಇರುವಂತೆ ಕೊಡುಗೈಯವರೂ ಇದ್ದಾರೆ. ಅವರ ಪಕ್ಕದ ಮನೆಯಲ್ಲಿ ಹಾಲು ಬೇಗ ಉಕ್ಕುತ್ತದೆ, ಬೆಲ್ಲ ಬೇಗ ಕರಗುತ್ತದೆ, ಮಕ್ಕಳು ಮೈಕೈ ತುಂಬಿಕೊಳ್ಳುತ್ತಾರೆ. ನನ್ನ ಹೆಂಡತಿ ಬಾಳವ್ವ ಅಂಥವಳು. ಹೆಂಡತಿಯನ್ನು ಹೊಗಳುವ ಗಂಡನನ್ನು ಕಂಡು ಜನ ನಗುತ್ತಾರೆ, ನಗಲಿ. ಸರಪಳಿಯ ತುದಿಯ ಮನೆ ನಮ್ಮದು. ನಮಗಿರುವುದು ಒಂದೇ ಜೋಡುಗೋಡೆ, ಅದರಾಚೆ ಸರಪಳಿಯ ಹಿರಿಯ ತೋಟಪ್ಪಜ್ಜ. ಅವನೂ ಕೊಡುಗೈಯವನೇ. ಹೀಗಾಗಿ ಬಾಳವ್ವನಿಗೆ ಆಚೆಯಿಂದಲೂ ಬಂದು ತುಂಬುತ್ತಿತ್ತು. ಹಾಗೆ ತುಂಬಿಕೊಂಡವರಿಗೆ ಕೈಗೆ ಹತ್ತಿದ್ದನ್ನು ಬಿಡುವುದು ಬಲು ಕಷ್ಟ. ಒಡೆದ ಗುಂಡಿ, ತೂತು ಬಿದ್ದ ಜರಡಿ, ನಾನು ಮದುವೆಯಲ್ಲಿ ಹಾಕಿಕೊಂಡು ಮತ್ತೆಂದೂ ತೂರಿಸಲಾಗದ ಅಂಗಿ, ಎಲ್ಲವೂ ನಮ್ಮ ಅಟ್ಟದ ಮೇಲೆ ಇವೆ. ಒಂದನ್ನು ಎಸೆ ಅಂದರೆ ಅವಳು ಅದನ್ನು ಒರೆಸಿ ಮತ್ತೆ ಅಲ್ಲೇ ಇಡುತ್ತಾಳೆ.

ಇಂಥವರಿಗಾಗಿ ನಮ್ಮಲ್ಲಿ ಬಿಡಿಸುವ ಪದ್ಧತಿ ಇದೆ. ಏನನ್ನೋ ಬಿಟ್ಟುಕೊಡಬೇಕಾಗಿದೆ, ಕೈ ಬರುತ್ತಿಲ್ಲ ಎಂದಾಗ ಸೆಳೆತದವರನ್ನು ಕರೆತಂದು ಪಕ್ಕದ ಮನೆಯಲ್ಲಿ ಗೋಡೆಗೆ ಹತ್ತಿ ಕೂರಿಸುತ್ತಾರೆ. ಅವರು ಆಚೆಯಿಂದ ಸೆಳೆದಂತೆ ಈಚೆಯವರ ಹಿಡಿತ ಸಡಿಲವಾಗುತ್ತದೆ. ಮಗಳನ್ನು ಗಂಡನ ಮನೆಗೆ ಕಳಿಸಲಾರದ ತಾಯಿ, ಮಾರಿದ ಎಮ್ಮೆಯ ಹಗ್ಗ ಬಿಡಲಾರದ ಒಡೆಯ, ಉಸಿರು ಬಿಡಲಾರದೆ ನರಳುವ ಮುದುಕ, ಎಲ್ಲರೂ ಹೀಗೇ ಬಿಟ್ಟವರು. ಬಿಟ್ಟದ್ದೇ ತಡ, ಸೆಳೆತದವರ ಕೈಗೆ ಎಲೆ ಅಡಿಕೆ, ಕುಪ್ಪಸದ ಒಂದು ಖಣ ಇಟ್ಟು ಸರಪಳಿಯ ಬಾಯಿಯ ತನಕ ಕಳಿಸಿ ಬರುತ್ತಾರೆ. ಕೆಲಸ ಮುಗಿದ ಮೇಲೂ ಅವರು ಗೋಡೆಗೆ ಕೂತಿದ್ದರೆ ಇನ್ನೇನನ್ನು ಸೆಳೆದಾರೋ ಎಂಬ ಅಂಜಿಕೆ. ಬಿಟ್ಟವರಲ್ಲಿ ಎಷ್ಟೋ ಮಂದಿ ಆಮೇಲೆ ಓಡಿಹೋಗಿ ಬಿಟ್ಟದ್ದನ್ನೇ ಮತ್ತೆ ಹಿಡಿದುಕೊಂಡದ್ದುಂಟು. ಅದನ್ನು ನಾವು ಅವರವರ ಹಣೆಬರಹ ಎನ್ನುತ್ತಿದ್ದೆವು.

ಈಗ ಮಹಾನಂದಾ ಅಕ್ಕೋರ ಮಾತಿಗೆ ಬರುತ್ತೇನೆ. ಅವರು ನಮ್ಮ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ಮಾಸ್ತರಿಕೆ ಮಾಡುವ ಹೆಂಗಸರನ್ನು ನಾವು ಅಕ್ಕೋರು ಎಂದೇ ಕರೆಯುವುದು, ಕಾಲೇಜಾದರೂ ಸರಿಯೇ. ಅವರಷ್ಟು ಸೆಳೆತದವರನ್ನು ಊರು ಕಂಡಿರಲಿಲ್ಲ. ಅವರಿಗೆಂದು ಇನ್ನೊಂದು ಸರಪಳಿಯ ಕಡೆಯ ಮನೆಯನ್ನು ಕೊಟ್ಟು, ಗೋಡೆಯಾಚೆಯ ಮನೆಗೆ ಬೀಗ ಹಾಕಿ ಖಾಲಿ ಬಿಟ್ಟಿದ್ದರು. ಯಾರೂ ಅವರಿಗೆ ಎದುರು ಮಾತಾಡಿದವರಿಲ್ಲ, ಯಾರೂ ಅವರ ಪಕ್ಕ ಮನೆ ಮಾಡಿದವರೂ ಇಲ್ಲ. ಬಿಡಿಸುವುದಕ್ಕೆ ಕರೆದರೆ ಬರುತ್ತಿದ್ದರು, ಆದರೆ ಅವರನ್ನು ಕರೆಯಲು ಜನ ಹಿಂದೆಮುಂದೆ ನೋಡುತ್ತಿದ್ದರು. ಸಣ್ಣ ಸೆಳೆತಕ್ಕೆ ಆಗುವ ಕೆಲಸಕ್ಕೆ ಅಷ್ಟು ದೊಡ್ಡವರೇಕೆ ಎಂದು.

ನನ್ನ ಮಿರ್ಚಿ ಭಜಿಯ ಅಂಗಡಿ ನಮ್ಮ ಸರಪಳಿಯ ಬಾಯಿ ದಾಟಿದ ಕೂಡಲೇ, ಕಾಲೇಜಿನ ಎದುರಿಗಿದೆ. ಅವರ ತರಗತಿಯ ಕಿಟಕಿಗೂ ನನ್ನ ಬಾಣಲೆಗೂ ನಡುವೆ ಒಂದು ರಸ್ತೆ ಅಷ್ಟೆ. ನಾನು ಎಣ್ಣೆ ಕಾಯಿಸುತ್ತಲೇ ಎಷ್ಟೋ ಪಾಠ ಕೇಳಿದ್ದೇನೆ, ಅರ್ಥವಾದದ್ದು ಕಡಿಮೆ. ಒಂದು ದಿನ ಮಾತ್ರ ಭಜಿ ಎತ್ತುವ ಝಾರಿಯನ್ನು ಕೈಯಲ್ಲಿ ಹಿಡಿದ ಹಾಗೇ ನಿಂತೆ.

"ಇಲ್ಲಿ ನೋಡ್ರಿ, ಇದು ಕಾರ್ಬನ್ನಿನ ಸರಪಳಿ" ಎನ್ನುತ್ತಿದ್ದರು ಅಕ್ಕೋರು. "ತುದೀಗೆ ಕ್ಲೋರಿನ್ ಬಂದು ಕೂತೈತಿ. ಅದಕ್ಕ ಎಲೆಕ್ಟ್ರಾನ್ ಅಂದ್ರ ಭಾಳ ಆಸೆ. ಬಾಜೂಕಿನ ಕಾರ್ಬನ್ನಿಂದು ತನ್ನ ಕಡೆ ಜಗ್ಗತೈತಿ. ಕಸಗೋಳೂದಿಲ್ಲ, ಸರಸ್ಕೋತೈತಿ ಅಷ್ಟ. ಆ ಕಾರ್ಬನ್ನು ತನ್ನ ಬಾಜೂದರಿಂದ ಒಂಚೂರು ಜಗ್ಗತೈತಿ. ಮೂರನೇದಕ್ಕ ಹೋಗೂದ್ರಾಗ ಜಗ್ಗಾಟ ಸಣ್ಣಾಗಿ ಹೋಗಿರತೈತಿ. ಇದಕ್ಕ ಇಂಡಕ್ಟಿವ್ ಎಫೆಕ್ಟ್ ಅಂತಾರ."

"ಮೇಡಂ, ಇದು ನಮ್ಮ ಊರ ಸರಪಳೀನ ಆತಲ್ರಿ?" ಎಂದಿತು ಹಿಂದಿನ ಬೆಂಚಿನ ಒಂದು ದನಿ.

"ಮತ್ತೇನು! ಪುಸ್ತಕ ಬರದಾವ್ರು ನಮ್ಮೂರು ನೋಡಿಲ್ಲ. ನೋಡಿದ್ರ ಇಷ್ಟು ತ್ರಾಸ ತಗೊಂಡು ಬರೀತಿದ್ದಿಲ್ಲ" ಎಂದು ಅವರೂ ನಕ್ಕರು. ಅಷ್ಟು ನಗುವವರ ಪಕ್ಕದ ಮನೆ ಖಾಲಿ ಇದೆಯಲ್ಲ ಎಂದು ನನಗೆ ಅವತ್ತೇ ಕೆಡುಕೆನಿಸಿತ್ತು.

ನಮಗೆ ಮಕ್ಕಳಿಲ್ಲ. ಬಾಳವ್ವನ ತಂಗಿ ಕಸ್ತೂರಿ ಹೊಳೆಯಾಚೆಯ ಊರಿಗೆ ಕೊಟ್ಟವಳು. ಹೆರಿಗೆಯಾಗಿ ಮೈ ತಿಳಿಯಾಗುವ ಮೊದಲೇ ಅವಳು ಕೆಮ್ಮಿನಲ್ಲಿ ರಕ್ತ ಕಾರಿದಳು. ಕೂಸನ್ನು ಹತ್ತಿರ ಬಿಡಬೇಡಿ ಎಂದರು ಡಾಕ್ಟರು. ಹೊಕ್ಕುಳ ಒಣಗದ ಆ ಹೆಣ್ಣು ಕೂಸನ್ನು ಬಾಳವ್ವ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಕಸ್ತೂರಿಯ ಆಸ್ಪತ್ರೆವಾಸ ಲಂಬಿಸುತ್ತ ಹೋಯಿತು. ಕಡೆಗೊಮ್ಮೆ ಪೂರ್ತಿ ಗುಣವಾಗಿ, ಮೈಯಲ್ಲಿ ಬಲ ತುಂಬಿಕೊಂಡು ಅವಳು ತನ್ನ ಮನೆಗೆ ಮರಳುವ ಹೊತ್ತಿಗೆ ಆ ಕೂಸು, ನಮ್ಮ ಶರಣಿ, ಮನೆಯೆಲ್ಲ ಓಡಾಡಿಕೊಂಡು, ಬಾಳವ್ವನನ್ನು ಅವ್ವ ಎಂದೂ ನನ್ನನ್ನು ಯಮನಪ್ಪ ಎಂದೂ ಕರೆಯುತ್ತಿದ್ದಳು. ಗಿರಾಕಿಗಳ ಬಾಯಿಂದ ಕಲಿತದ್ದು. ನಾನೂ ತಿದ್ದಲು ಹೋಗಲಿಲ್ಲ.

ಮಗಳು ತಾಯಿಗೆ ಸೇರಬೇಕು, ಅದರಲ್ಲಿ ಎರಡು ಮಾತಿಲ್ಲ. ಎಲ್ಲರಿಗಿಂತ ಮೊದಲು ಅದನ್ನು ಹೇಳಿದವಳೇ ಬಾಳವ್ವ. ಹೇಳಿದಳು, ಶರಣಿಯನ್ನು ಎತ್ತಿಕೊಂಡಳು, ಕೊಡಲಿಲ್ಲ. ಕಸ್ತೂರಿ ಅಂಗಳದಲ್ಲಿ ಕೈ ಚಾಚಿ ನಿಂತೇ ಇದ್ದಳು. ತೋಟಪ್ಪಜ್ಜ ಪದ್ಧತಿಯ ಪ್ರಕಾರ ಟೇಲರ್ ಭರಮಪ್ಪನನ್ನು ಕರೆಸಿ ತನ್ನ ಮನೆಯಲ್ಲಿ ಗೋಡೆಗೆ ಕೂರಿಸಿದ. ಭರಮಪ್ಪ ಮಧ್ಯಮ ಸೆಳೆತದವನು. ನಮ್ಮ ದೀಪ ಆ ಕಡೆ ವಾಲಿತು, ಬಾಳವ್ವನ ಬೆರಳು ಸಡಿಲಾದವು, ಕೂಸು ತಾಯಿಯ ಸೊಂಟಕ್ಕೆ ಹೋಯಿತು. ಎಲ್ಲರೂ ಅಬ್ಬಾ ಎಂದೆವು. ಭರಮಪ್ಪನ ಕೈಗೆ ಎಲೆ ಅಡಿಕೆ ಇಟ್ಟು ಕಳಿಸಿದೆವು. ಅವನು ಸರಪಳಿಯ ಬಾಯಿ ದಾಟಿದ್ದನೋ ಇಲ್ಲವೋ, ಬಾಳವ್ವ ಎದ್ದು ಓಡಿದಳು. ಕಸ್ತೂರಿ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದಳು. ಇವಳು ಕೂಸಿನ ಒಂದು ಕೈ ಹಿಡಿದಳು, ಅವಳು ಇನ್ನೊಂದನ್ನು ಬಿಡಲಿಲ್ಲ. ಶರಣಿಯ ಮೊಣಕೈ ಕಟಕ್ಕೆಂದು ಜಾರಿತು. ಆ ಕೂಗನ್ನು ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

ನಾಟಿ ವೈದ್ಯರು ಕೈ ಕೂಡಿಸಿದರು. ಅವತ್ತು ಕಸ್ತೂರಿ ಬರಿಗೈಯಲ್ಲೇ ಹೊರಟಳು. ಹೋಗುವಾಗ ಅಕ್ಕನಿಗೆ ಹೇಳಿದಳು: "ಅಕ್ಕಾ, ದೀಪಾವಳಿ ಆದ ಮ್ಯಾಲೆ ಒಮ್ಮೆ ಬರ್ತೀನಿ. ಅವತ್ತೂ ಹಿಂಗ ಆತು ಅಂದ್ರ ಮತ್ತ ಬರಂಗಿಲ್ಲ. ಕೂಸಿನ ಕೈ ಮುರದು ಒಯ್ಯೂ ತಾಯಿ ಆಗಾಂಗಿಲ್ಲ ನಾ. ನಿನ್ನ ಮಗಳು ಅಂತ ತಿಳಕೊಂಡು ಮನ್ಯಾಗ ಕುಂದರತೀನಿ."

ಅವಳು ಹೋದ ಮೇಲೆ ಶರಣಿಗೆ ಒಂದು ಹೊಸ ರೂಢಿ ಬಂತು. ಯಾರಾದರೂ ಹೆಂಗಸರು ಹತ್ತಿರ ಬಂದರೆ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿ ಗೋಡೆಗೆ ಒತ್ತಿ ನಿಲ್ಲುವಳು. ಬಾಳವ್ವ ಹತ್ತಿರ ಬಂದರೂ ಅಷ್ಟೇ. ಅದನ್ನು ಕಂಡ ದಿನ ಬಾಳವ್ವ ಊಟ ಮುಟ್ಟಲಿಲ್ಲ.

"ಏನ್ರಿ, ಇದು ಪಾಪದ ಕೆಲಸ" ಎಂದಳು. "ಕೊಡಬೇಕು ಅಂತ ಜೀವ ಹೇಳತೈತಿ. ಕೈ ಕೇಳವಲ್ದು. ಮತ್ತ ಹಂಗ ಮಾಡಿದ್ರ ಕಸ್ತೂರಿ ತನ್ನ ಮಗಳನ್ನ ಕಳಕೊಂತಾಳ. ಕೂಸು ನನ್ನ ಮುಂದ ಇದ್ರೂ ನನಗೂ ಇಲ್ಲದಂಗ ಆಕ್ಕೈತಿ. ಆ ಅಕ್ಕೋರನ್ನ ಕೇಳೂಣು ನಡೀರಿ."

ನಾವು ಹೋದಾಗ ಮಹಾನಂದಾ ಅಕ್ಕೋರು ಪಡಸಾಲೆಯಲ್ಲಿ ಕೂತು ಪರೀಕ್ಷೆಯ ಪೇಪರು ತಿದ್ದುತ್ತಿದ್ದರು. ಒಳಗೆ ಕಾಲಿಟ್ಟ ಕೂಡಲೇ ಬಾಳವ್ವ ಬೇಕಾದ್ದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ನಿಂತಳು. ಅಕ್ಕೋರು ಅದನ್ನು ಕಂಡು ತಾವೇ ಹಿಂದೆ ಸರಿದು ಕೂತರು. ಬಾಳವ್ವ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ತನ್ನ ತಪ್ಪನ್ನು ಎಲ್ಲೂ ತೇಲಿಸಲಿಲ್ಲ.

ಎಲ್ಲ ಕೇಳಿ ಅಕ್ಕೋರು ಒಂದೇ ಪ್ರಶ್ನೆ ಹಾಕಿದರು. "ಈಕಿ ಕೂಸನ್ನ ಬಿಟ್ಟ ಮ್ಯಾಲೆ ಭರಮಪ್ಪ ಎಲ್ಲಿದ್ದ?"

"ಕಳಿಸಿದ್ವಲ್ರಿ. ಕೆಲಸ ಆಗಿತ್ತು" ಎಂದೆ ನಾನು.

"ಅಯ್ಯ ಯಮನಪ್ಪಣ್ಣಾ! ಕೆಲಸ ಆಗ ಸುರು ಆಗಿತ್ತು" ಎಂದರು. ಪೆನ್ನು ಕೆಳಗಿಟ್ಟು ಬಾಳವ್ವನ ಕಡೆ ತಿರುಗಿದರು. "ತಂಗಿ, ನಾ ಹುಡುಗರಿಗೆ ವರ್ಷಾ ವರ್ಷಾ ಇದನ್ನ ಹೇಳತೀನಿ, ಊರಿಗೆ ಹೇಳಬೇಕು ಅಂತ ಹೊಳೀಲೇ ಇಲ್ಲ ನೋಡು. ಆಮ್ಲ ಇರತೈತಲ್ಲ, ಹುಳಿ, ಅದು ತನ್ನ ಹತ್ರ ಇದ್ದ ಒಂದು ಹೈಡ್ರೋಜನ್ ಬಿಟ್ಟು ಕೊಡತೈತಿ. ಬಿಟ್ಟ ಮ್ಯಾಲೆ ಹಿಂದ ಒಬ್ಬಾಕಿ ಉಳೀತಾಳ. ಆಕಿ ಮ್ಯಾಲೆ ಒಂದು ಭಾರ ಬಂದು ಕೂಡತೈತಿ. ಆ ಭಾರ ಒಬ್ಬಾಕಿಗೇ ಹೊರಾಕ ಆಗಲಿಲ್ಲ ಅಂದ್ರ ಓಡಿಹೋಗಿ ಬಿಟ್ಟದ್ದನ್ನ ಮತ್ತ ಹಿಡಕೋತಾಳ. ಬಾಜೂಕ ಕ್ಲೋರಿನ್ ಇತ್ತು ಅಂದ್ರ ಅರ್ಧ ಭಾರ ಅದು ತನ್ನ ಕಡೆ ಸರಸ್ಕೋತೈತಿ. ಅಂದ್ರ ಆಕಿ ಸುಮ್ಮನ ಕುಂದರತಾಳ. ಬಿಡಿಸೂದು ಸಣ್ಣ ಕೆಲಸ ತಂಗಿ. ಬಿಟ್ಟಾಕಿ ಹತ್ರ ಕುಂದರೂದು ದೊಡ್ಡ ಕೆಲಸ."

ಬಾಳವ್ವನಿಗೆ ಹೈಡ್ರೋಜನ್ನೂ ಗೊತ್ತಿಲ್ಲ, ಕ್ಲೋರಿನ್ನೂ ಗೊತ್ತಿಲ್ಲ. ಆದರೆ ಹಿಂದೆ ಉಳಿದ ಆ ಒಬ್ಬಾಕಿ ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಾಯಿತು. ತಲೆ ತಗ್ಗಿಸಿ ಕೂತಳು.

"ನಾ ಬರ್ತೀನಿ" ಎಂದರು ಅಕ್ಕೋರು. "ಆದ್ರ ಒಂದು ಮಾತು. ಬಂದು ಹೋಗಾಕಿ ಅಲ್ಲ. ನಿಮ್ಮ ಬಾಜೂ ಮನ್ಯಾಗ ಪಾತ್ರೆ ಪಗಡ ತಗೊಂಡು ಇರಾಕ ಬರ್ತೀನಿ. ನೀ ಸಾಕು ಅನ್ನೂತನಕ ಏಳೂದಿಲ್ಲ."

"ನಿಮಗ ತ್ರಾಸ ಆಗಾಂಗಿಲ್ರಿ?" ಎಂದು ಕೇಳಿದೆ.

"ಆಗತೈತಿ" ಎಂದರು, ಊಟ ಆಯಿತೇ ಎಂದು ಕೇಳಿದವರಿಗೆ ಆಯಿತು ಎನ್ನುವಷ್ಟೇ ಸರಳವಾಗಿ. "ಜಗ್ಗಿದ್ದು ಎಲ್ಲಿಗೆ ಹೋಗತೈತಿ ಅಂತ ತಿಳದೀರಿ?"

ತೋಟಪ್ಪಜ್ಜನನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಕೆಲಸ ಮುಗಿದ ಮೇಲೆ ಸೆಳೆತದವರು ಗೋಡೆ ಬಿಟ್ಟು ಏಳಬೇಕು, ಅವನ ಅಜ್ಜನ ಕಾಲದಿಂದ ನಡೆದುಬಂದದ್ದು. ಅದನ್ನು ಬಿಟ್ಟು, ಸಂಸಾರಸ್ಥರ ಸರಪಳಿಯೊಳಗೆ ಊರಿನ ಅತಿ ದೊಡ್ಡ ಸೆಳೆತವನ್ನು ತಂದು ಮನೆ ಮಾಡಿಸುವುದೇ? ಅದೂ ಅವನ ಮನೆಯನ್ನೇ ಖಾಲಿ ಮಾಡಿಸಿ? ಕಟ್ಟೆಯ ಮೇಲೆ ಕೂತು ಅವನು ಕೋಲಿನಿಂದ ನೆಲ ಕುಟ್ಟಿದ. ಆಚೆಯ ಮನೆಗಳ ಹೆಂಗಸರು ತಮ್ಮ ಹಪ್ಪಳ ಓರೆಯಾಗುತ್ತವೆ, ಮೊಸರು ವಾರೆಯಾಗಿ ಹೆಪ್ಪುಗಟ್ಟುತ್ತದೆ ಎಂದು ದನಿಗೂಡಿಸಿದರು.

ಅಕ್ಕೋರು ತಾವೇ ಬಂದು ಅಜ್ಜನ ಎದುರು ಕೂತರು. "ಅಜ್ಜಾ, ನಿಮ್ಮ ಮನಿ ಬಿಟ್ಟು ನಾಕನೇ ಮನ್ಯಾಗ ನಿಮ್ಮ ತಮ್ಮ ಅದಾನಲ್ಲ. ಅಲ್ಲಿಗೆ ನನ್ನ ಜಗ್ಗಾಟ ಮುಟ್ಟೂದಿಲ್ಲ. ನೀವು ಅಲ್ಲಿ ಆರಾಮ ಇರ್ರಿ. ನಡಬರಕ ಇರೂ ಮೂರು ಮನಿಯವ್ರ ಮೊಸರು ವಾರಿ ಆಕ್ಕೈತಿ, ಖರೆ. ವಾರಿ ಮೊಸರು ಉಣ್ಣೂದು ಹೆಚ್ಚೋ, ಒಂದು ಕೂಸಿನ ಕೈ ಹೆಚ್ಚೋ, ನೀವ ಹೇಳ್ರಿ."

ಅಜ್ಜ ಕೋಲೂರಿ ಎದ್ದ. ಸಂಜೆಯ ಹೊತ್ತಿಗೆ ಅವನ ಗಂಟುಮೂಟೆ ತಮ್ಮನ ಮನೆಯ ಕಡೆ ಹೊರಟಿತು. ಹೋಗುವಾಗ ನನ್ನನ್ನು ನೋಡಿ ಗೊಣಗಿದ: "ನಿನ್ನ ಹೆಂಡತಿ ಸಲುವಾಗಿ ನನ್ನ ಜಂತಿ ಕೆಳಗ ನಾ ಮಲಗಲಾರದಂಗ ಆತಲ್ಲೋ ಯಮನ್ಯಾ." ಗೊಣಗಿದರೂ ಹೋದ. ಅವನನ್ನೂ ಮೆಚ್ಚಬೇಕು.

ದೀಪಾವಳಿಯ ಪಣತಿಗಳನ್ನು ಇನ್ನೂ ಎತ್ತಿಟ್ಟಿರಲಿಲ್ಲ, ಕಸ್ತೂರಿ ಬಂದಳು. ಮುಂಜಾನೆಯ ಬಿಸಿಲು ಅಂಗಳಕ್ಕೆ ಇಳಿದಿತ್ತು. ಬಾಳವ್ವ ಶರಣಿಗೆ ಎಣ್ಣೆ ಹಚ್ಚಿ ಎರೆದಳು, ಜಡೆ ಹಾಕಿದಳು, ದೃಷ್ಟಿಬೊಟ್ಟು ಇಟ್ಟಳು. ಒಂದೊಂದನ್ನೂ ನಿಧಾನ ಮಾಡಿದಳು, ಯಾರೂ ಅವಸರಪಡಿಸಲಿಲ್ಲ. ಗೋಡೆಯಾಚೆ ಅಕ್ಕೋರು ಬಂದು ಕೂತದ್ದು ನಮಗೆ ಯಾರೂ ಹೇಳಬೇಕಾಗಲಿಲ್ಲ. ದೇವರ ಮುಂದಿನ ದೀಪ ಮಲಗಿದ ಹಾಗೆ ಆ ಕಡೆಗೆ ಬಾಗಿತು. ಮೂಲೆಯ ಕೊಡದ ನೀರು ಒಂದೇ ಬದಿಯ ಕಂಠಕ್ಕೆ ಏರಿತು. ನನ್ನ ಎದೆಯೊಳಗಿಂದಲೂ ಏನೋ ಮೆಲ್ಲಗೆ ಸರಿದು ಆ ಗೋಡೆಗೆ ಒರಗಿತು. ಬಾಳವ್ವ ಕೂಸನ್ನು ಎತ್ತಿಕೊಂಡು ಕಸ್ತೂರಿಯ ಎದುರು ನಿಂತಳು. ಶರಣಿ ಕೈ ಅಡಗಿಸಲು ನೋಡಿದಳು. "ಬ್ಯಾಡವ್ವಾ, ಯಾರೂ ಜಗ್ಗಾಂಗಿಲ್ಲ ನಿನ್ನ" ಎಂದು ಬಾಳವ್ವ ತಾನೇ ಕೂಸನ್ನು ತಂಗಿಯ ಸೊಂಟದ ಮೇಲೆ ಕೂರಿಸಿ ಎರಡೂ ಕೈ ತೆಗೆದಳು.

ಕಸ್ತೂರಿ ಅಕ್ಕನ ಕಾಲು ಮುಟ್ಟಿ ಹೊರಟಳು. ನನ್ನ ಕಣ್ಣು ಹೆಂಡತಿಯ ಕಾಲ ಮೇಲೆ. ಹೊರಗೆ ತೋಟಪ್ಪಜ್ಜ ರೂಢಿಯಂತೆ ಎಲೆ ಅಡಿಕೆ ಖಣದ ತಟ್ಟೆ ಹಿಡಿದು ತನ್ನದೇ ಮನೆಯ ಬಾಗಿಲಲ್ಲಿ ನಿಂತು "ಏಳ್ರಿ ಅಕ್ಕೋರ, ಆತು" ಎನ್ನುತ್ತಿದ್ದ. ಒಳಗಿನಿಂದ ಬಾಗಿಲಿಗೆ ಅಗಳಿ ಬಿದ್ದ ಸದ್ದು ಬಂತು.

ಬಸ್ಸಿನ ಹಾರ್ನು ಕೇಳಿದ್ದೇ ಬಾಳವ್ವ ದಡಕ್ಕನೆ ಬಾಗಿಲಿಗೆ ನುಗ್ಗಿದಳು. ಒಂದು ಕಾಲು ಹೊಸ್ತಿಲು ದಾಟಿತು. ನಾನು ಅಡ್ಡ ಬರಲಿಲ್ಲ, ನನ್ನ ಅಡ್ಡ ಏನು ನಡೆದೀತು? ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಹಿಂದಿನಿಂದ ಯಾರೋ ಮೆತ್ತಗೆ ಸೆರಗು ಹಿಡಿದವರಂತೆ ತಿರುಗಿದಳು. ಒಳಗೆ ಬಂದು ಆ ಗೋಡೆಗೆ ಬೆನ್ನು ಹಚ್ಚಿ ಕುಸಿದು ಕೂತಳು. ಬಸ್ಸು ಹೋಯಿತು. ಅವಳ ಕಣ್ಣಲ್ಲಿ ಹನಿ ನೀರಿರಲಿಲ್ಲ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು, ಆದರೆ ಕೂತೇ ಇದ್ದಳು.

ಆಮೇಲಿನ ದಿನಗಳಲ್ಲಿ ಬಾಳವ್ವ ಕೆಲಸ ಮಾಡಿದಳು, ಉಂಡಳು, ಮಲಗಿದಳು. ಅಳಲಿಲ್ಲ. ಶರಣಿಯ ಲಂಗಗಳನ್ನು ತೊಳೆದು ಮಡಿಚಿ ಕಸ್ತೂರಿಗೆ ಕಳಿಸಿಕೊಟ್ಟಳು, ಒಂದನ್ನೂ ಅಟ್ಟಕ್ಕೆ ಹಾಕಲಿಲ್ಲ. ಜನ ಅವಳ ಗಟ್ಟಿತನವನ್ನು ಹೊಗಳಿದರು. ನಾನೂ ಹಾಗೇ ತಿಳಿದಿದ್ದೆ.

ನಿಜ ಗೊತ್ತಾದದ್ದು ಅಂಗಡಿಯಲ್ಲಿ. ಕಿಟಕಿಯಿಂದ ಅಕ್ಕೋರ ಪಾಠ ಎಂದಿನಂತೆ ಕೇಳುತ್ತಿತ್ತು. ನಡುವೆ ಒಮ್ಮೆಲೆ ನಿಂತಿತು. ತಲೆ ಎತ್ತಿ ನೋಡಿದರೆ ಅವರು ಒಂದು ಕೈಯಲ್ಲಿ ಬೋರ್ಡಿಗೆ ಬರೆಯುವ ಖಡು ಹಿಡಿದು, ಇನ್ನೊಂದರಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹುಡುಗರು ಬೆಪ್ಪಾಗಿ ಕೂತಿದ್ದರು. "ಏನಿಲ್ಲ, ಬರಕೋರಿ" ಎಂದು ಅವರು ಮತ್ತೆ ಬೋರ್ಡಿನ ಕಡೆ ತಿರುಗಿದರು, ನೀರು ಮಾತ್ರ ಹರಿಯುತ್ತಲೇ ಇತ್ತು. ಗೋಡೆಯ ಹತ್ತಿರ ಇಲ್ಲದಾಗಲೂ ಸರಿದು ಬಂದದ್ದು ಅವರೊಳಗೆ ತುಂಬಿಕೊಂಡೇ ಇರುತ್ತಿತ್ತು ಎಂದು ಕಾಣುತ್ತದೆ. ಬಜಾರದಲ್ಲಿ ಬದನೆಕಾಯಿ ಆರಿಸುವಾಗ ಅತ್ತರು. ಪರೀಕ್ಷೆಯ ಹಾಲಿನಲ್ಲಿ ಅತ್ತರು. ಪುಟ್ಟ ಮಕ್ಕಳ ಬಳೆ ಕಂಡರೆ ಕಾಲು ನಿಂತುಬಿಡುತ್ತಿತ್ತು. ಯಾವ ಕೂಸನ್ನೂ ಎತ್ತಿ ಆಡಿಸದ ಹೆಂಗಸು ಬೆಳಿಗ್ಗೆ ಎದ್ದು ಜಡೆ ಹಾಕಲು ಬೆರಳುಗಳನ್ನು ಗಾಳಿಯಲ್ಲಿ ಆಡಿಸುತ್ತಿದ್ದರು.

ಅದನ್ನು ಬಾಳವ್ವನೂ ಕಂಡಳು. ಹುಗ್ಗಿ ಕೊಡಲು ಹೋದವಳು ಕಿಟಕಿಯಲ್ಲಿ ನಿಂತು ನೋಡಿ, ಹುಗ್ಗಿಯ ಪಾತ್ರೆಯ ಸಮೇತ ಮನೆಗೆ ಬಂದಳು. "ಆ ಜಡಿ ನಾ ಹಾಕೂ ಜಡಿ ಐತ್ರಿ" ಎಂದಳು. "ನನ್ನ ಕೈಯಾಗ ಇದ್ದದ್ದು ಅವರ ಕೈಯಾಗ ಐತಿ."

"ಹಂಗಾರ ಸಾಕು ಅಂತೀ ಏನು ಅವರಿಗೆ?"

ಬಾಳವ್ವ ಹುಗ್ಗಿಯ ಪಾತ್ರೆಯನ್ನು ಕೆಳಗಿಟ್ಟಳು. "ಇನ್ನೂ ಇಲ್ರಿ. ಈಗ ಅಂದ್ರ ಓಡತೀನಿ."

ಇದನ್ನು ನಾನು ಅಕ್ಕೋರಿಗೆ ಹೇಳಿದೆ. ಹೇಳದಿದ್ದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಅವರು ಒದ್ದೆ ಕರ್ಚೀಫನ್ನು ಹಿಂಡಿ ಹಗ್ಗದ ಮೇಲೆ ಹಾಕುತ್ತ, "ಗೊತ್ತೈತಿ ಯಮನಪ್ಪಣ್ಣಾ. ಆಕೀಗೆ ಅವಸರ ಮಾಡಬ್ಯಾಡ್ರಿ. ಎಂದೂ ಯಾರ ಮನಿ ಗೋಡಿಗೂ ಹತ್ತಿ ಇದ್ದಾಕಿ ಅಲ್ಲ ನಾ. ಭಾರ ಐತಿ ಖರೆ, ಆದ್ರ ಮನ್ಯಾಗ ಯಾರೋ ಇದ್ದಂಗ ಐತಿ" ಎಂದರು. ನಾನು ನೋಡಿದ ಮನುಷ್ಯರಲ್ಲಿ ಇಷ್ಟು ದೊಡ್ಡವರನ್ನು ಇನ್ನೊಬ್ಬರನ್ನು ಕಾಣೆ. ಇದನ್ನು ಅವರ ಎದುರಿಗೆ ಹೇಳಲು ನಾಲಗೆ ಬರಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಯುಗಾದಿಗೆ ಕಸ್ತೂರಿ ಶರಣಿಯನ್ನು ಕರೆದುಕೊಂಡು ಬಂದಳು. ಹಬ್ಬ ಮುಗಿಸಿಕೊಂಡು ಹೋಗಲಿ ಎಂದು ನಾವೇ ಹೇಳಿ ಕಳಿಸಿದ್ದೆವು. ಕೂಸು ಎತ್ತರವಾಗಿದ್ದಳು. ಕೈಗಳನ್ನು ಹಿಂದೆ ಅಡಗಿಸುವುದು ಬಿಟ್ಟಿದ್ದಳು. ಒಳಗೆ ಓಡಿಬಂದು ಬಾಳವ್ವನ ಕಾಲು ತಬ್ಬಿ ಮುಖ ಮೇಲೆತ್ತಿ "ದೊಡ್ಡವ್ವಾ" ಎಂದಳು. ಕಸ್ತೂರಿ ಕಲಿಸಿದ್ದಳು, ತಪ್ಪೇನೂ ಅಲ್ಲ, ಅದು ಸರಿಯಾದ ಸಂಬಂಧವೇ. ಬಾಳವ್ವ "ಬಾರವ್ವಾ" ಎಂದಳು. ಗೋಡೆಯಾಚೆ ಏನೋ ಪಾತ್ರೆ ಕೈಜಾರಿ ಬಿದ್ದ ಸದ್ದಾಯಿತು.

ಹೊರಡುವ ದಿನ ಬಾಳವ್ವ ತಾನೇ ಬಸ್‌ಸ್ಟ್ಯಾಂಡಿಗೆ ಬರುತ್ತೇನೆ ಎಂದಳು. ಬಸ್‌ಸ್ಟ್ಯಾಂಡು ಊರಾಚೆ ಇದೆ, ಅಲ್ಲಿಗೆ ಯಾರ ಸೆಳೆತವೂ ಮುಟ್ಟುವುದಿಲ್ಲ. ಆ ದಿಗಿಲಿನಲ್ಲೇ ನಾನೂ ಬೆನ್ನು ಹತ್ತಿದೆ. ಅವಳು ದಾರಿಯುದ್ದಕ್ಕೂ ಶರಣಿಯ ಕೈ ಹಿಡಿದಿದ್ದಳು. ಬಸ್ಸು ಬಂತು, ಕಸ್ತೂರಿ ಹತ್ತಿ ಕೂತಳು. ಬಾಳವ್ವ ಕೂಸನ್ನು ಎತ್ತಿ ಕಿಟಕಿಯಿಂದ ತಂಗಿಯ ಕೈಗೆ ದಾಟಿಸಿದಳು. ಶರಣಿ ಕಿಟಕಿಯಿಂದ ಎರಡೂ ಕೈ ಹೊರಗೆ ಚಾಚಿ ಬೀಸಿದಳು. ಆ ಪುಟ್ಟ ಕೈಗಳು ಬಾಳವ್ವನ ಮುಖಕ್ಕೆ ತಾಗುವಷ್ಟು ಹತ್ತಿರದಲ್ಲಿದ್ದವು. ಅವಳು ಅವನ್ನು ಒಂದೊಂದಾಗಿ ಕಣ್ಣಿಗೆ ಒತ್ತಿಕೊಂಡು, ಒಳಗೆ ಸರಿಸಿ, "ಕೈ ಹೊರಗ ಹಾಕಬಾರದವ್ವಾ" ಎಂದಳು. ಬಸ್ಸು ಮರೆಯಾದ ಮೇಲೂ ಅಲುಗಾಡದೆ ನಿಂತಿದ್ದಳು.

ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ನೇರ ಅಕ್ಕೋರ ಬಾಗಿಲಿಗೆ ಹೋಗಿ ಬಡಿದಳು. ಅವರು ಒದ್ದೆ ಮುಖ ಹೊತ್ತು ಬಾಗಿಲು ತೆರೆದರು.

"ಅಕ್ಕೋರ, ಒಂದೀಟು ಹೊರಗ ಹೋಗಿ ಬರ್ರಿ" ಎಂದಳು ಬಾಳವ್ವ.

"ಯಾಕ ತಂಗಿ?"

"ನಾ ಅಳಬೇಕು. ನೀವಿಲ್ಲೇ ಇದ್ರ ನನಗ ಬರವಲ್ದು."

ಅಕ್ಕೋರು ಅವಳ ಮುಖವನ್ನೇ ನೋಡಿದರು. ಚಪ್ಪಲಿ ಮೆಟ್ಟಿಕೊಂಡರು. ಅವರು ಮೆಟ್ಟಿಲು ಇಳಿಯುವಾಗ ಬಾಳವ್ವ ಮತ್ತೆ ಕೂಗಿ ಹೇಳಿದಳು: "ಹೊಳ್ಳಿ ಬರ್ರಿ ಮತ್ತ. ಹೋಗ್ರಿ ಅನ್ನಲಿಲ್ಲ ನಾ. ಅಡಗಿ ಇಬ್ಬರಿಗೂ ಮಾಡ್ತೀನಿ."

ಅವರು ನನ್ನೊಡನೆ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. ರಸ್ತೆಯಲ್ಲಿ ಹಬ್ಬದ ಮರುದಿನದ ಮೌನವಿತ್ತು. ನಾನು ಒಲೆ ಹೊತ್ತಿಸಿ ಎಣ್ಣೆ ಇಡುವಷ್ಟರಲ್ಲಿ ನಮ್ಮ ಸರಪಳಿಯ ಕಡೆಯಿಂದ ಅದು ಬಂತು. ಮೊದಲು ಸಣ್ಣಗೆ, ಆಮೇಲೆ ಬಾಯಿಬಿಟ್ಟು. ನನ್ನ ಬಾಳವ್ವನ ಅಳು. ಇಷ್ಟು ತಿಂಗಳು ತಡೆದದ್ದೆಲ್ಲ ಒಟ್ಟಿಗೆ ಬರುತ್ತಿತ್ತು. ನಾನು ಒಲೆ ಆರಿಸಿ ಚಪ್ಪಲಿಗೆ ಕಾಲು ಹಾಕಿದೆ.

"ಕುಂದರ್ರಿ ಯಮನಪ್ಪಣ್ಣಾ" ಎಂದರು ಅಕ್ಕೋರು. "ಹೋಗಬ್ಯಾಡ್ರಿ. ಆಕಿದು ಆಕಿ ಅಳಲಿ."

"ಮತ್ತ ಓಡಿದ್ಲಂದ್ರ?"

"ಓಡಾಂಗಿಲ್ಲ."

ಅವರು ಎರಡೂ ಕಣ್ಣುಗಳನ್ನು ಬೆರಳಿನಿಂದ ಒತ್ತಿ ಮುಟ್ಟಿ ನೋಡಿಕೊಂಡರು. ಬೆರಳುಗಳನ್ನು ಬೆಳಕಿಗೆ ಹಿಡಿದು ನನಗೂ ತೋರಿಸಿದರು. ಹನಿ ಇರಲಿಲ್ಲ.

"ನೋಡ್ರಿ, ಒಣಗ್ಯಾವ" ಎಂದು ನಕ್ಕರು. ತರಗತಿಯ ಕಿಟಕಿಯಿಂದ ನಾನು ಕೇಳುತ್ತಿದ್ದ ನಗೆ ಅದು. "ಆಕಿ ತಾನ ಹೊತ್ಲು."

ನಾನು ಕೂತೆ. ಬಾಳವ್ವ ಅಳುತ್ತಲೇ ಇದ್ದಳು, ನಾವಿಬ್ಬರೂ ಕೇಳುತ್ತಲೇ ಇದ್ದೆವು.